ಹೊಲಿದರೆ ನಾಚಿಕೆ, ಹೊಡೆದರೆ?

ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಗೆಳೆಯರೊಬ್ಬರು ನಮಗಿದ್ದಾರೆ. ಒಂದು ಮಧ್ಯಾಹ್ನ ಪಾಠ ಮುಗಿದು ಇನ್ನೂ ಬೆಲ್ ಹೊಡೆಯದ ಹೊತ್ತಿನಲ್ಲಿ, ಹುಡುಗರನ್ನು ಒಂದಿಷ್ಟು ನಗಿಸೋಣ ಅಂತ ಅವರು ಒಂದು ಇಂಗ್ಲಿಷ್ ಕಾದಂಬರಿಯ ಕತೆ ಹೇಳಿದರು. ಊರಾಚೆ ಒಂದು ದೊಡ್ಡ ಬಂಗಲೆ. ಅಲ್ಲೊಬ್ಬ ಏಳಡಿ ಎತ್ತರದ ಪುಂಡ, ಕಂಡಕಂಡವರ ಕತ್ತು ಮುರೀತೀನಿ ಅಂತ ಅಬ್ಬರಿಸಿಕೊಂಡು ತಿರುಗುವವನು. ಇನ್ನೊಬ್ಬ ಪೆದ್ದ ಧಣಿ. ಆ ಧಣಿಗೊಬ್ಬ ಬುದ್ಧಿವಂತ ಆಳು. ಆಳು ಧಣಿಯ ಕಿವಿಯಲ್ಲಿ ಒಂದೇ ಒಂದು ಹೆಸರು ಊದುತ್ತಾನೆ. ಧಣಿ ಆ ಹೆಸರನ್ನು ಪುಂಡನ ಎದುರು ಆಡಿದ್ದೇ ತಡ, ಏಳಡಿ ಮನುಷ್ಯ ಬಾಲ ಮುದುರಿದ ನಾಯಿಯಾಗುತ್ತಾನೆ. ಯಾಕೆ? ಆ ಹೆಸರು ಪುಂಡ ಗುಟ್ಟಾಗಿ ನಡೆಸುತ್ತಿರುವ ಅಂಗಡಿಯದು. ಅಲ್ಲಿ ಅವನು ಹೆಂಗಸರ ಒಳಉಡುಪಿನ ಮಾದರಿ ಬರೆದು, ಹೊಲಿಸಿ, ಮಾರುತ್ತಾನೆ!

ಮೇಷ್ಟ್ರು ಒಳಉಡುಪು ಅನ್ನುವುದಕ್ಕೆ ಸಂಕೋಚಪಟ್ಟು ಲಂಗ ಅಂದರಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಅವನಪ್ಪ ಸಂತೆಬೀದಿಯಲ್ಲಿ ಜವಳಿ ಅಂಗಡಿಯ ಜಗಲಿ ಮೇಲೆ ಮಿಷನ್ ಇಟ್ಟುಕೊಂಡು ಲಂಗ ರವಿಕೆ ಹೊಲಿಯುವವನು. ಹುಡುಗ ಎದ್ದು ನಿಂತು ಕೇಳಿದ: 'ಸಾ, ಲಂಗ ಹೊಲ್ದ್ರೆ ಏನ್ ಸಾ ತಪ್ಪು?'

ಬೆಲ್ ಹೊಡೆಯಿತು, ಮೇಷ್ಟ್ರು ಬಚಾವಾದರು. ಆದರೆ ಅವತ್ತು ರಾತ್ರಿ ನಮ್ಮಲ್ಲಿಗೆ ಬಂದು ಈ ಮಾತು ಹೇಳಿದಾಗ ನಾವು ಯಾರೂ ಬಚಾವಾಗಲಿಲ್ಲ. ಯಾಕಂದರೆ ನಾವೂ ಆ ಪುಸ್ತಕ ಓದಿದವರೇ. ಹಾಸ್ಟೆಲಿನ ಟ್ರಂಕಿನ ಮೇಲೆ ಕೂತು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದವರು. ಹುಡುಗ ನಗದೇ ಉಳಿದ ಜಾಗದಲ್ಲಿ ನಾವು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆವು.

ಪುಸ್ತಕ ಪಿ.ಜಿ. ವುಡ್‌ಹೌಸ್ ಬರೆದ 'ದಿ ಕೋಡ್ ಆಫ್ ದಿ ವೂಸ್ಟರ್ಸ್', 1938ರದು. ಪೆದ್ದ ಧಣಿಯ ಹೆಸರು ಬರ್ಟಿ ವೂಸ್ಟರ್, ಆಳಿನ ಹೆಸರು ಜೀವ್ಸ್, ಪುಂಡ ರೋಡರಿಕ್ ಸ್ಪೋಡ್. ಬಂಗಲೆ ಟಾಟ್ಲಿ ಟವರ್ಸ್. ಅದರ ಒಡೆಯ ನಿವೃತ್ತ ಮ್ಯಾಜಿಸ್ಟ್ರೇಟ್ ಸರ್ ವಾಟ್ಕಿನ್ ಬ್ಯಾಸೆಟ್. ಕತೆಯೆಲ್ಲ ತಿರುಗುವುದು ಒಂದು ಬೆಳ್ಳಿ ಹಸುವಿನ ಸುತ್ತ. ಹಸು ಅಂದರೆ ಮೇಯುವ ಹಸುವಲ್ಲ. ಮೇಜಿನ ಮೇಲೆ ಕೆನೆ ತುಂಬಿಡುವುದಕ್ಕೆ ಹಸುವಿನ ಆಕಾರದಲ್ಲಿ ಮಾಡಿದ ಒಂದು ಬೆಳ್ಳಿ ಗಿಂಡಿ. ಇಬ್ಬರು ಶ್ರೀಮಂತ ಮುದುಕರಿಗೆ ಅದು ಬೇಕು. ಅದಕ್ಕಾಗಿ ಇಡೀ ಬಂಗಲೆ ರಾತ್ರಿಯೆಲ್ಲ ಕೋಣೆಯಿಂದ ಕೋಣೆಗೆ ಓಡಾಡುತ್ತದೆ, ಮಂಚದಡಿ ನುಗ್ಗುತ್ತದೆ, ಬೀರು ಹತ್ತುತ್ತದೆ. ಬಿ. ಬಸವಲಿಂಗಪ್ಪನವರು 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಎದ್ದ ದೊಂಬಿ, ನಮ್ಮ ಹುಡುಗರು ತಿಂದ ಏಟು, ಅವರು ಬಿಡಬೇಕಾಗಿ ಬಂದ ಮಂತ್ರಿ ಪದವಿ, ಇವೆಲ್ಲ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಬೂಸಾ ಬಿಟ್ಟು ಇಂಗ್ಲಿಷ್ ಕಡೆ ಹೋದ ನಮ್ಮಂಥವರಿಗೆ ಅಲ್ಲಿ ಸಿಕ್ಕಿದ್ದು ಬೂಸಾನೇ ಬೇಡದ ಬೆಳ್ಳಿ ಹಸು!

ಇರಲಿ. ನಕ್ಕದ್ದಕ್ಕೆ ನಾವು ಪ್ರಾಯಶ್ಚಿತ್ತ ಮಾಡಿಕೊಳ್ಳಲು ಕೂತಿಲ್ಲ. ವುಡ್‌ಹೌಸ್‌ನ ವಾಕ್ಯ ಓದಿ ನಗು ಬರಲಿಲ್ಲ ಅನ್ನುವವನು ಒಂದೋ ಸುಳ್ಳು ಹೇಳುತ್ತಾನೆ, ಇಲ್ಲ ಅವನಿಗೆ ಹಲ್ಲುನೋವಿದೆ. ಅಷ್ಟೇ ಅಲ್ಲ, ಆತ ಸ್ಪೋಡ್‌ನನ್ನು ಗಾಳಿಯಿಂದ ಹುಟ್ಟಿಸಿದ್ದಲ್ಲ. ಸ್ಪೋಡ್ ಬರಿ ಪುಂಡನಲ್ಲ, ಪುಂಡರ ಪಡೆಯ ನಾಯಕ. 'ಬ್ರಿಟನ್ನಿನ ಉದ್ಧಾರಕರು' ಅಂತ ಒಂದು ಸಂಘ ಕಟ್ಟಿದ್ದಾನೆ, ಸರ್ವಾಧಿಕಾರಿಯಾಗುವ ಆಸೆ ಇದೆ. ಅವನ ಪಡೆಗೆ ಸಮವಸ್ತ್ರ ಕರಿ ಚಡ್ಡಿ. ಯಾಕೆ ಅಂದರೆ ಇವನು ಸಂಘ ಕಟ್ಟುವ ಹೊತ್ತಿಗೆ ಅಂಗಿಗಳೆಲ್ಲ ಬೇರೆಯವರ ಪಾಲಾಗಿದ್ದವು. (ಚಡ್ಡಿ ಅಂದ ಕೂಡಲೇ ಹತ್ತಿರದವರನ್ನು ನೆನೆಸಿಕೊಂಡು ನಗಬೇಡಿ, ಇದು ಇಂಗ್ಲೆಂಡಿನ ಕತೆ.) ಇದನ್ನು ಓದಿದ ಆ ಕಾಲದ ಯಾವ ಇಂಗ್ಲಿಷಿನವನಿಗೂ ಇದು ಯಾರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರ್ ಆಸ್ವಾಲ್ಡ್ ಮೋಸ್ಲಿ. ವಂಶಪಾರಂಪರ್ಯದ ಸರ್ದಾರ, ಜಮೀನ್ದಾರಿ ಮನೆತನದವನು. ನಮ್ಮನ್ನಾಳಿದ ವೈಸ್‌ರಾಯ್ ಕರ್ಜನ್ನನ ಅಳಿಯ. 1920ರಲ್ಲಿ ಅವನ ಮಗಳನ್ನು ಮದುವೆಯಾದವನು. 1932ರಲ್ಲಿ ಬ್ರಿಟಿಷ್ ಫ್ಯಾಸಿಸ್ಟ್ ಒಕ್ಕೂಟ ಕಟ್ಟಿ, ಮುಸೊಲಿನಿಯನ್ನು ನೋಡಿ ತನ್ನ ಪಡೆಗೆ ಕರಿ ಅಂಗಿ ತೊಡಿಸಿದ. 1934ರ ಜೂನ್ 7ರಂದು ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಇವನ ಭಾಷಣದ ನಡುವೆ ಎದ್ದು ಪ್ರಶ್ನೆ ಕೇಳಿದವರ ಮೇಲೆ ದೀಪದ ಬೆಳಕು ಬಿಟ್ಟು, ಸಾವಿರಾರು ಜನರ ಕಣ್ಣೆದುರಿಗೇ ಕರಿ ಅಂಗಿಯವರು ಬಡಿದರು.

ಇಂಥವನನ್ನು ಕುರಿತು ದೊಡ್ಡವರ ಮನೆಗಳಲ್ಲಿ ಎಷ್ಟೋ ಜನ ಗೌರವದಿಂದ ಮಾತಾಡುತ್ತಿದ್ದಾಗ ವುಡ್‌ಹೌಸ್ ಅವನನ್ನು ಚಡ್ಡಿಯಲ್ಲಿ ನಿಲ್ಲಿಸಿ ನಕ್ಕ. ಬರ್ಟಿ ವೂಸ್ಟರನ ಬಾಯಲ್ಲಿ ಸ್ಪೋಡ್‌ನ ಮುಖಕ್ಕೇ ನಾಲ್ಕು ಮಾತು ಹೇಳಿಸಿದ. ಇದರ ಲೆಕ್ಕ ಅವನ ಹೆಸರಿಗೆ ಬರೆದುಕೊಳ್ಳೋಣ. ಮುಂದೆ 1940ರಲ್ಲಿ ಫ್ರಾನ್ಸಿನಲ್ಲಿ ಜರ್ಮನ್ನರ ಕೈಗೆ ಸಿಕ್ಕಿ, 1941ರಲ್ಲಿ ಬರ್ಲಿನ್ ರೇಡಿಯೋದಲ್ಲಿ ಐದು ಸಲ ನಗೆಮಾತು ಆಡಿ ತನ್ನ ದೇಶದವರಿಂದ ದ್ರೋಹಿ ಅನ್ನಿಸಿಕೊಂಡನಲ್ಲ, ಆ ಮಾತನ್ನು ಹಿಡಿದು ಹೊಡೆಯುವುದೂ ನಮಗೆ ಬೇಡ. ಜಾರ್ಜ್ ಆರ್ವೆಲ್‌ನಂಥ ಕಟ್ಟಾ ಫ್ಯಾಸಿಸ್ಟ್ ವಿರೋಧಿಯೇ 1945ರಲ್ಲಿ ಇವನ ಪರವಾಗಿ ಬರೆದ: ಈತ ಮೂರ್ಖತನ ಮಾಡಿದ, ದ್ರೋಹ ಮಾಡಲಿಲ್ಲ ಎಂಬ ಅರ್ಥದಲ್ಲಿ. ನಮಗೂ ಹಾಗೇ ಅನ್ನಿಸುತ್ತದೆ.

ನಮ್ಮ ಜಗಳ ಬೇರೆ. ನಮ್ಮ ಜಗಳ ಆ ಹುಡುಗನದು.

ಸ್ಪೋಡ್ ಯಾವುದಕ್ಕೆ ನಾಚುತ್ತಾನೆ ನೋಡಿ. ಜನರ ಕತ್ತು ಮುರಿಯುವುದಕ್ಕಲ್ಲ. ದೇಶವನ್ನು ಬೂಟಿನಡಿ ಹಾಕಿಕೊಳ್ಳುವ ಆಸೆಗಲ್ಲ. ಅದೆಲ್ಲ ಅವನಿಗೆ ಹೆಮ್ಮೆಯ ಸಂಗತಿ, ಬಂಗಲೆಯಲ್ಲಿ ಯಾರಿಗೂ ಅದು ಅಸಹ್ಯವೂ ಅಲ್ಲ. ಬಂಗಲೆಯ ಒಡೆಯ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಾನೆ. ಅವನಿಗೆ ನಾಚಿಕೆ ಆಗುವುದು ಅವನು ಮಾಡುವ ಒಂದೇ ಒಂದು ನಿರುಪದ್ರವಿ ಕೆಲಸಕ್ಕೆ. ಬಟ್ಟೆಯ ಕೆಲಸಕ್ಕೆ, ಅದೂ ಹೆಂಗಸರ ಬಟ್ಟೆಯ ಕೆಲಸಕ್ಕೆ. ಹೊಡೆದರೆ ಗಂಡಸು, ಹೊಲಿದರೆ ಹೆಣ್ಣಿಗ! ಇದು ಸ್ಪೋಡ್‌ನ ಮನಸ್ಸು ಮಾತ್ರ ಆಗಿದ್ದರೆ ನಮಗೆ ತಕರಾರಿರಲಿಲ್ಲ, ಫ್ಯಾಸಿಸ್ಟನ ತಲೆ ಹಾಗೇ ಇರುತ್ತದೆ. ಆದರೆ ಜೀವ್ಸ್‌ಗೂ ಅದು ನಾಚಿಕೆ ಅಂತ ಗೊತ್ತು, ಬರ್ಟಿಗೂ ಗೊತ್ತು, ಬರೆದವನಿಗೂ ಗೊತ್ತು, ಓದುವ ನಮಗೂ ಗೊತ್ತು. ಎಲ್ಲರೂ ಒಪ್ಪಿದರೆ ಮಾತ್ರ ಆ ನಗೆ ಸಿಡಿಯುತ್ತದೆ. ಅಂದರೆ ನಾವು ನಕ್ಕ ಆ ಗಳಿಗೆಯಲ್ಲಿ ಸ್ಪೋಡ್‌ನ ಪಕ್ಷ ಸೇರಿದ್ದೆವು. ಹಿಂದಿನ ಬೆಂಚಿನ ಹುಡುಗ ಸೇರಲಿಲ್ಲ.

ಈಗ ಕತೆಯಿಂದ ಆಚೆ ಬನ್ನಿ. ನಿಜವಾದ ಸ್ಪೋಡ್‌ನನ್ನು ತಡೆದವರು ಯಾರು? ಯಾವ ಆಳು ಯಾವ ಧಣಿಯ ಕಿವಿಯಲ್ಲಿ ಯಾವ ಹೆಸರು ಊದಿದ?

1936ರ ಅಕ್ಟೋಬರ್ 4, ಭಾನುವಾರ. ಲಂಡನ್ನಿನ ಪೂರ್ವ ದಿಕ್ಕಿನ ಬಡವರ ಕೇರಿಗಳ ನಡುವೆ ಮೋಸ್ಲಿ ತನ್ನ ಕರಿ ಅಂಗಿಗಳ ಮೆರವಣಿಗೆ ಹೊರಡಿಸುತ್ತೇನೆ ಅಂದ. ಆ ಕೇರಿಗಳಲ್ಲಿ ಇದ್ದವರು ಯಾರು? ರಷ್ಯಾ, ಪೋಲೆಂಡುಗಳಲ್ಲಿ ಏಟು ತಿಂದು ಓಡಿಬಂದ ಯಹೂದಿಗಳ ಮಕ್ಕಳು ಮೊಮ್ಮಕ್ಕಳು. ಹಡಗುಕಟ್ಟೆಯಲ್ಲಿ ಮೂಟೆ ಹೊರುವ ಐರಿಷ್ ಕೂಲಿಗಳು. ಯಹೂದಿಗಳ ಮುಖ್ಯ ಕಸುಬು ಏನು ಗೊತ್ತೇ? ಹೊಲಿಗೆ. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಮಿಷನ್ ತುಳಿದು, ಇಸ್ತ್ರಿ ಹೊಡೆದು, ಗುಂಡಿ ಹಾಕಿ, ಲಂಡನ್ನಿನ ದೊಡ್ಡ ಅಂಗಡಿಗಳಿಗೆ ಕೋಟು, ಲಂಗ ಹೊಲಿದು ಕೊಡುತ್ತಿದ್ದವರು. ಸ್ಪೋಡ್‌ನ ಅಂಗಡಿ ಕತೆಯಲ್ಲಿ ಬಾಂಡ್ ಸ್ಟ್ರೀಟಿನಲ್ಲಿದೆ, ಸಿರಿವಂತರ ಬೀದಿ. ಅಂಥ ಬೀದಿಗೆ ಹೋಗುವ ಬಟ್ಟೆಗೆ ಸೂಜಿ ಹಿಡಿಯುವ ಕೈ ಇಂಥ ಕೇರಿಗಳಲ್ಲಿರುತ್ತಿತ್ತು. ಕಾದಂಬರಿ ಆ ಕೇರಿಗೆ ಕಾಲಿಡುವುದಿಲ್ಲ.

ಮೆರವಣಿಗೆ ನಿಷೇಧಿಸಿ ಅಂತ ಜನ ಸಹಿ ಹಾಕಿ ಸರ್ಕಾರಕ್ಕೆ ಕೊಟ್ಟರು. ಸರ್ಕಾರ ನಿಷೇಧಿಸಲಿಲ್ಲ, ಬದಲಿಗೆ ಮೆರವಣಿಗೆಗೆ ದಾರಿ ಬಿಡಿಸಲು ಆರು ಸಾವಿರಕ್ಕೂ ಮಿಕ್ಕಿ ಪೊಲೀಸರನ್ನು ಕಳಿಸಿತು. ದೊಡ್ಡವರು, ಸಮುದಾಯದ ಹಿರಿಯರು, ಮನೆಯೊಳಗೆ ಇರಿ, ಗಲಾಟೆಗೆ ಹೋಗಬೇಡಿ ಅಂದರು. (ಈ ಮಾತು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ.) ಜನ ಹೊರಗೆ ಬಂದರು. ಕೇಬಲ್ ಸ್ಟ್ರೀಟ್ ಎಂಬ ಬೀದಿಗೆ ಒಂದು ಲಾರಿ ಉರುಳಿಸಿ ಅಡ್ಡ ಹಾಕಿದರು. ಮಂಚ, ಮೇಜು, ಹಲಗೆ, ಕೈಗೆ ಸಿಕ್ಕಿದ್ದೆಲ್ಲ ತಂದು ಪೇರಿಸಿದರು. ಕುದುರೆ ಪೊಲೀಸರ ಕಾಲಡಿಗೆ ಹುಡುಗರು ಗೋಲಿ ಚೆಲ್ಲಿದರು. ಹೆಂಗಸರು ಮಹಡಿ ಕಿಟಕಿಗಳಿಂದ ಕೊಳೆತ ತರಕಾರಿ, ಉಚ್ಚೆ ತುಂಬಿದ ಪಾತ್ರೆ ಸುರಿದರು. ನಗೆ ನಾಟಕ ಬೇಕೇ? ಇದಕ್ಕಿಂತ ಒಳ್ಳೆ ನಗೆ ನಾಟಕ ಎಲ್ಲಿದೆ! ಐರಿಷ್ ಕೂಲಿಯೂ ಯಹೂದಿ ದರ್ಜಿಯೂ ಒಂದೇ ಅಡ್ಡಗಟ್ಟೆಯ ಹಿಂದೆ ನಿಂತರು. ಕೊನೆಗೆ ಪೊಲೀಸ್ ಕಮಿಷನರ್ ಮೋಸ್ಲಿಗೆ, ಹಿಂದಕ್ಕೆ ಹೋಗಪ್ಪ ಅಂದ. ಮೋಸ್ಲಿ ಹೋದ. ಪೊಲೀಸರು ಹಿಡಿದವರಲ್ಲಿ ಹೆಚ್ಚಿನವರು ಅಡ್ಡಗಟ್ಟಿದವರೇ.

ಎರಡೇ ದಿನ ಕಳೆದು, ಅಕ್ಟೋಬರ್ 6ರಂದು, ಮೋಸ್ಲಿ ಬರ್ಲಿನ್ನಿನಲ್ಲಿ ಗೊಬೆಲ್ಸ್‌ನ ಮನೆಯಲ್ಲಿ ಎರಡನೇ ಮದುವೆ ಆದ. ಊಟಕ್ಕೆ ಹಿಟ್ಲರ್ ಬಂದಿದ್ದ. ವುಡ್‌ಹೌಸ್‌ನ ಸ್ಪೋಡ್ ಎಷ್ಟು ಸಣ್ಣವನು ಅಂತ ಇದರಿಂದ ಅಳತೆ ಮಾಡಿ.

ಒಂದು ದಿನದಲ್ಲಿ ಎಲ್ಲ ಮುಗಿಯಿತು ಅಂತ ನಾವು ಸುಳ್ಳು ಹೇಳುವುದಿಲ್ಲ. ಮುಂದಿನ ಭಾನುವಾರವೇ ಕರಿ ಅಂಗಿಯ ಕಡೆಯ ಹುಡುಗರು ಅದೇ ದಿಕ್ಕಿನಲ್ಲಿ ಯಹೂದಿಗಳ ಅಂಗಡಿ ಗಾಜು ಒಡೆದರು. 1937ರ ಲಂಡನ್ ಕೌಂಟಿ ಚುನಾವಣೆಯಲ್ಲಿ ಆ ಕೇರಿಗಳಲ್ಲೇ ಅವರಿಗೆ ಸಾಕಷ್ಟು ವೋಟು ಬಿತ್ತು, ಸೀಟು ಒಂದೂ ಬರಲಿಲ್ಲ. ಆದರೆ ಬೀದಿಯಲ್ಲಿ ಜನ ನಿಂತ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. 1936ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ರಾಜಕೀಯ ಸಮವಸ್ತ್ರವನ್ನು ನಿಷೇಧಿಸಿತು. 1937ರ ಜನವರಿಯಿಂದ ಕರಿ ಅಂಗಿ ಬೀದಿಗೆ ಬರುವಂತಿರಲಿಲ್ಲ. ವುಡ್‌ಹೌಸ್‌ನ ಕಾದಂಬರಿ ಬಂದದ್ದು 1938ರಲ್ಲಿ. ಲೆಕ್ಕ ಹಾಕಿ. ದರ್ಜಿಗಳು ಕೂಲಿಗಳು ಅಂಗಿ ಕಳಚಿದ ಮೇಲೆ ಬಂಗಲೆಯವರು ಚಡ್ಡಿ ನೋಡಿ ನಕ್ಕರು.

ಇನ್ನೊಂದು ತಮಾಷೆ. ಈ ಕಾದಂಬರಿ ಪುಸ್ತಕವಾಗುವ ಮುಂಚೆ ಇಂಗ್ಲೆಂಡಿನಲ್ಲಿ ಧಾರಾವಾಹಿಯಾಗಿ ಬಂದದ್ದು ಡೈಲಿ ಮೇಲ್ ಪತ್ರಿಕೆಯಲ್ಲಿ, 1938ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅದೇ ಪತ್ರಿಕೆಯ ಒಡೆಯ ಲಾರ್ಡ್ ರಾದರ್‌ಮಿಯರ್ 1934ರ ಜನವರಿಯಲ್ಲಿ ಕರಿ ಅಂಗಿಯವರಿಗೆ ಜೈಕಾರ ಹಾಕಿ ತನ್ನ ಹೆಸರಲ್ಲೇ ಲೇಖನ ಬರೆದಿದ್ದ. ನಾಲ್ಕು ವರ್ಷದ ಹಿಂದೆ ಜೈಕಾರ, ನಾಲ್ಕು ವರ್ಷದ ಮೇಲೆ ನಗೆ. ಎರಡಕ್ಕೂ ಕಾಸು ಬಂದದ್ದು ಒಂದೇ ಗಲ್ಲಾಪೆಟ್ಟಿಗೆಗೆ.

ಈಗ ಬುದ್ಧಿವಂತ ಆಳಿನ ವಿಚಾರಕ್ಕೆ ಬರೋಣ. ಯಾಕಂದರೆ ನಮ್ಮಲ್ಲಿ ಕೆಲವು ಗೆಳೆಯರು ವಾದ ಹೂಡುತ್ತಾರೆ: 'ನೋಡ್ರಿ, ಈ ಕತೆಗಳಲ್ಲಿ ಧಣಿ ದಡ್ಡ, ಆಳು ಜಾಣ. ಧಣಿಗೆ ತನ್ನ ಅಂಗಿ ತಾನೇ ಆರಿಸಲು ಬರೋದಿಲ್ಲ. ಇದು ಶೋಷಕ ವರ್ಗದ ವಿಡಂಬನೆ ಅಲ್ವಾ?' ಅಲ್ಲ ಗೆಳೆಯರೇ, ಅಲ್ಲ. ಜಾಣತನ ಯಾರ ತಲೆಯಲ್ಲಿದೆ ಅನ್ನುವುದಲ್ಲ ಪ್ರಶ್ನೆ. ಅದು ಯಾರ ಖಾತೆಗೆ ಜಮಾ ಆಗುತ್ತದೆ ಅನ್ನುವುದು.

ಜೀವ್ಸ್‌ಗೆ ಆ ಗುಟ್ಟು ಸಿಕ್ಕಿದ್ದು ಎಲ್ಲಿಂದ? ಇದನ್ನು ಓದುವಾಗ ನಾವು ಗಮನಿಸಿರಲೇ ಇಲ್ಲ. ಲಂಡನ್ನಿನ ಕರ್ಜನ್ ಸ್ಟ್ರೀಟಿನಲ್ಲಿ ದೊಡ್ಡವರ ಖಾಸಾ ಆಳುಗಳದೇ ಒಂದು ಕ್ಲಬ್ಬು ಇದೆ ಅಂತ ವುಡ್‌ಹೌಸ್ ಕಟ್ಟಿದ್ದಾನೆ, ಜೂನಿಯರ್ ಗ್ಯಾನಿಮೀಡ್ ಅಂತ ಹೆಸರು. ಅಲ್ಲೊಂದು ಪುಸ್ತಕ. ಪ್ರತಿ ಸದಸ್ಯನೂ ತನ್ನ ಧಣಿಯ ನಡೆ ನುಡಿ, ಚಟ, ಕಳ್ಳತನ ಎಲ್ಲ ಅದರಲ್ಲಿ ಬರೆಯಬೇಕು, ಅದು ನಿಯಮ. ಹೊಸದಾಗಿ ಕೆಲಸಕ್ಕೆ ಸೇರುವವನಿಗೆ ತನ್ನ ಧಣಿ ಎಂಥವನು ಅಂತ ಗೊತ್ತಾಗಲಿ ಅನ್ನುವುದಕ್ಕೆ. ಎಂಥ ಪುಸ್ತಕ ಸ್ವಾಮಿ ಅದು! ಆಳುವ ವರ್ಗದ ಅಷ್ಟೂ ಹೊಲಸು ಒಂದೆಡೆ, ಕೆಲಸದವರ ಕೈಬರಹದಲ್ಲಿ. ಕಾರ್ಮಿಕ ಸಂಘದ ಮೊದಲ ಅಸ್ತ್ರ ಅದೇ ಅಲ್ಲವೇ? ಆದರೆ ಪುಸ್ತಕ ಬೀರುವಿನಲ್ಲಿದೆ, ಹೊರಗೆ ಬಾಯಿ ಬಿಡುವಂತಿಲ್ಲ. ಆ ಪುಸ್ತಕದಿಂದ ಜೀವ್ಸ್ ಒಂದು ಹೆಸರು ಹೊರತೆಗೆಯುವುದು ತನ್ನ ಧಣಿಯ ಕತ್ತು ಉಳಿಸಲು. ಒಬ್ಬ ಪೊಲೀಸಪ್ಪನ ಹೆಲ್ಮೆಟ್ ಕದ್ದ ಆರೋಪ ಧಣಿಯ ತಲೆಗೆ ಬಂದಾಗ, ಅದೇ ಹೆಸರು ತೋರಿಸಿ ಸ್ಪೋಡ್‌ನ ಬಾಯಲ್ಲೇ 'ಕದ್ದವನು ನಾನು' ಅನ್ನಿಸುತ್ತಾನೆ. ಧಣಿ ಪಾರು. ಆಳಿಗೆ ಏನು ಸಿಕ್ಕಿತು? ಧಣಿ ಪ್ರಪಂಚ ಸುತ್ತುವ ಹಡಗು ಹತ್ತಲು ಒಪ್ಪುತ್ತಾನೆ. ಅದು ಜೀವ್ಸ್‌ನ ಬಹುದಿನದ ಆಸೆ. ಹಡಗಿನಲ್ಲೂ ಅವನು ಧಣಿಯ ಪ್ಯಾಂಟಿಗೆ ಇಸ್ತ್ರಿ ಮಾಡುತ್ತಾನೆ, ಅಷ್ಟೇ ವ್ಯತ್ಯಾಸ. (ಹೆಲ್ಮೆಟ್ ಕದಿಯುವುದು ಆ ಧಣಿಗಳಿಗೆ ಹುಡುಗಾಟ. ಬರ್ಟಿ ಹಿಂದೊಮ್ಮೆ ಅದೇ ಕೆಲಸಕ್ಕೆ ಐದು ಪೌಂಡು ದಂಡ ಕಟ್ಟಿ ಮನೆಗೆ ಹೋದವನು. ನಮ್ಮ ಕೇರಿಯ ಹುಡುಗ ಪೊಲೀಸಪ್ಪನ ಟೋಪಿಗೆ ಕೈ ಹಾಕಲಿ, ಆಮೇಲೆ ಠಾಣೆಯೊಳಗಿನ ಪ್ರಹಸನ ನೋಡಿ.)

ಇದೇ ಪುಸ್ತಕ 1971ರ ಒಂದು ಕಾದಂಬರಿಯಲ್ಲಿ ಮತ್ತೆ ಬರುತ್ತದೆ. ಬಿಂಗ್ಲಿ ಎಂಬ ಇನ್ನೊಬ್ಬ ಆಳು ಅದನ್ನು ಕದ್ದು ಕಾಸು ಮಾಡಲು ನೋಡುತ್ತಾನೆ. ಅವನು ಖಳ. ಜೀವ್ಸ್ ಅವನಿಗೆ ಮದ್ದು ಹಾಕಿ ಪುಸ್ತಕ ಮರಳಿ ತರುತ್ತಾನೆ. ಕೊನೆಯಲ್ಲಿ ತನ್ನ ಧಣಿಯ ಬಗ್ಗೆ ತಾನೇ ಬರೆದ ಹಾಳೆಗಳನ್ನು ತಾನೇ ನಾಶ ಮಾಡುತ್ತಾನೆ, ಇನ್ನು ಈ ಮನೆ ಬಿಟ್ಟು ಹೋಗುವುದಿಲ್ಲ ಅನ್ನುವ ಭಾವದಿಂದ. ಆ ಬಿಂಗ್ಲಿ ಯಾರು? 1934ರ ಕಾದಂಬರಿಯೊಂದರಲ್ಲಿ ಬ್ರಿಂಕ್ಲಿ ಅನ್ನುವ ಹೆಸರಲ್ಲಿ ಬಂದವನೇ ಇವನು. ಅಲ್ಲಿ ಅವನು ಕ್ರಾಂತಿಯ ಮಾತಾಡುವ ಕೆಂಪು ಆಳು. ಕುಡಿದು, ಚೂರಿ ಹಿಡಿದು ಧಣಿಯನ್ನು ಅಟ್ಟಿಸಿಕೊಂಡು ಹೋಗಿ, ಮನೆಗೆ ಬೆಂಕಿ ಇಡುತ್ತಾನೆ. ನೋಡಿ ಹೇಗಿದೆ. ಒಳ್ಳೆ ಆಳು ಧಣಿಯ ದಾಖಲೆ ಸುಡುತ್ತಾನೆ, ಕೆಟ್ಟ ಆಳು ಧಣಿಯ ಮನೆ ಸುಡುತ್ತಾನೆ. ಮೂರನೇ ಆಳು ಈ ಲೋಕದಲ್ಲಿ ಇಲ್ಲ.

ಲೋಕದಲ್ಲಿ ಇದ್ದರು. 1931ರ ಜನಗಣತಿಯಂತೆ ಇಂಗ್ಲೆಂಡು ವೇಲ್ಸ್‌ಗಳಲ್ಲಿ ಮನೆಗೆಲಸಕ್ಕಿದ್ದ ಹೆಂಗಸರೇ 13 ಲಕ್ಷದಷ್ಟು. ಬಂಗಲೆಯಲ್ಲಿ ರಾತ್ರಿಯೆಲ್ಲ ಕುಣಿದಾಡಿದ ಮೇಲೆ ಬೆಳಿಗ್ಗೆ ಬೂದಿ ಬಳಿದು ಒಲೆ ಹೊತ್ತಿಸುವವರು ಅವರು. 1920ರ ನಿರುದ್ಯೋಗ ವಿಮೆ ಕಾಯ್ದೆ ಕಾರ್ಖಾನೆಯವರಿಗೆ ಬಂತು, ಹೊಲದಾಳಿಗೂ ಮನೆಯಾಳಿಗೂ ಬರಲಿಲ್ಲ. ಇನ್ನು ಅಡುಗೆಯವನ ಪಾಡು ಕೇಳಿ. ಬರ್ಟಿಯ ಅತ್ತೆಯ ಮನೆಯಲ್ಲಿ ಅನತೋಲ್ ಎಂಬ ಫ್ರೆಂಚ್ ಅಡುಗೆಯವನಿದ್ದಾನೆ. ಸರ್ ವಾಟ್ಕಿನ್ ಬ್ಯಾಸೆಟ್ ಕಾಗದ ಬರೆಯುತ್ತಾನೆ: ಬೆಳ್ಳಿ ಹಸು ಬೇಕಾದರೆ ಕೊಡುತ್ತೇನೆ, ಬದಲಿಗೆ ಅಡುಗೆಯವನನ್ನು ಕೊಡು. ಅತ್ತೆಯ ಗಂಡ ಕೊಡಬಹುದೇ ಅಂತ ಯೋಚನೆ ಮಾಡುತ್ತಾನೆ! ಗಿಂಡಿಗೆ ಒಬ್ಬ ಮನುಷ್ಯ. ಅನತೋಲ್‌ನನ್ನು ಕೇಳಿದವರು ಇಲ್ಲ. ಹಿಂದೆ ಗೌಡರ ಮನೆಯ ಸಾಲಪತ್ರದಲ್ಲಿ ಜೀತದ ಆಳನ್ನು ಎತ್ತು ಗಾಡಿಯ ಜೊತೆ ಲೆಕ್ಕ ಹಿಡಿಯುತ್ತಿದ್ದದ್ದು ಬೇರೆ ಏನು? ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಬೆಳ್ಳಿ ಹಸುವಿನ ಕತೆ ಓದುವಾಗ ಈ ಲೆಕ್ಕ ನಮಗೆ ಯಾಕೆ ನೆನಪಾಗಲಿಲ್ಲ ಅನ್ನುವುದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಮಾತು.

ನಗೆ ನಾಟಕದ ಗುಣವೇ ಹೀಗೆ, ಅದರಿಂದ ಜಾಸ್ತಿ ಕೇಳಬಾರದು ಅನ್ನುವವರೂ ಇದ್ದಾರೆ. ಅದೂ ಸುಳ್ಳು. ಬೊಮಾರ್ಶೆ ಎಂಬ ಫ್ರೆಂಚಿನವನ 'ಫಿಗರೋನ ಮದುವೆ' ನೋಡಿ. ಅದೂ ಪ್ರಹಸನ, ಅಲ್ಲೂ ಊರಾಚೆಯ ದೊಡ್ಡ ಮನೆ, ದಬ್ಬಾಳಿಕೆಯ ದೊರೆ, ಜಾಣ ಆಳು, ಬೀರುವಿನಲ್ಲಿ ಅಡಗುವುದು, ಕಿಟಕಿಯಿಂದ ಹಾರುವುದು ಎಲ್ಲ ಇದೆ. ಆದರೆ ದೊರೆಗೆ ಬೇಕಾದದ್ದು ಬೆಳ್ಳಿ ಗಿಂಡಿಯಲ್ಲ. ಆಳು ಮದುವೆಯಾಗಲಿರುವ ಹುಡುಗಿ. ಆಳು ಫಿಗರೋ ರಂಗದ ಮೇಲೆ ಒಬ್ಬನೇ ನಿಂತು ದೊರೆಯನ್ನು ಕೇಳುತ್ತಾನೆ: ಈ ಪದವಿ, ಈ ಆಸ್ತಿಗೆಲ್ಲ ನೀನು ಮಾಡಿದ ಶ್ರಮ ಏನು, ಹುಟ್ಟಿದ್ದೊಂದು ಬಿಟ್ಟರೆ? ಹುಟ್ಟಿನಿಂದ ಮೇಲಾದವರ ನಾಡಿನಲ್ಲಿ ಕೂತು ಈ ಪ್ರಶ್ನೆ ಓದುವ ನಮಗೆ ಮೈ ಜುಮ್ಮೆನ್ನುತ್ತದೆ. ಫ್ರಾನ್ಸಿನ ರಾಜ ವರ್ಷಗಟ್ಟಲೆ ಈ ನಾಟಕ ತಡೆದ. 1784ರಲ್ಲಿ ಆಡಿದರು, ಐದು ವರ್ಷಕ್ಕೆ ಬಾಸ್ತೀಯ್ ಬಿತ್ತು. ನಾಟಕದಿಂದ ಕೋಟೆ ಬಿತ್ತು ಅಂತ ನಾವು ಹೇಳುತ್ತಿಲ್ಲ, ಅಷ್ಟು ದಡ್ಡರಲ್ಲ. ಬೊಮಾರ್ಶೆ ಸಂತನೂ ಅಲ್ಲ, ಬಂದೂಕು ಮಾರಿದ ವ್ಯಾಪಾರಿ. ಆದರೂ ಅವನ ಆಳು ಧಣಿಯ ಕಿವಿಯಲ್ಲಿ ಪಿಸುಗುಡಲಿಲ್ಲ, ಜನಕ್ಕೆ ಕೇಳುವ ಹಾಗೆ ಮಾತಾಡಿದ. 1786ರಲ್ಲಿ ವಿಯೆನ್ನಾದಲ್ಲಿ ಮೊಜಾರ್ಟ್ ಇದನ್ನು ಸಂಗೀತ ನಾಟಕ ಮಾಡಿದಾಗ ಮೊದಲು ಕತ್ತರಿ ಬಿದ್ದದ್ದು ಇಂಥ ಮಾತಿಗೇ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮಾತು ಪೂರ್ತಿಯಾಗಲಿಲ್ಲ. ಜೀವ್ಸ್ ಆಗಲಿ ಫಿಗರೋ ಆಗಲಿ ಮನೆಯೊಳಗಿನ ಆಳು. ಧಣಿಯ ಹಾಸಿಗೆ ಹಾಸುತ್ತಾನೆ, ಗಂಟಲಿಗೆ ಇಳಿಯುವ ಚಹಾ ಕೈಯಾರೆ ಕೊಡುತ್ತಾನೆ, ಆದ್ದರಿಂದಲೇ ಗುಟ್ಟು ಅವನಿಗೆ ಸಿಗುತ್ತದೆ. ನಮ್ಮವನಿಗೆ ಆ ಭಾಗ್ಯವೂ ಇಲ್ಲ. ತೊಟ್ಟಿಮನೆಯ ಹೊಸ್ತಿಲು ದಾಟಿದರೆ ಮೈಲಿಗೆ. ಅವನ ಜಾಗ ಕೊಟ್ಟಿಗೆ, ಅವನಿಗೆ ಸುರಿಯುವ ನೀರು ಮೇಲಿಂದ. ವುಡ್‌ಹೌಸ್‌ನ 'ದಿ ಇನಿಮಿಟಬಲ್ ಜೀವ್ಸ್' ಲಂಡನ್ನಿನಲ್ಲಿ ಅಚ್ಚಾಗಿ ಬಂದ 1923ರಲ್ಲೇ ಬಾಬಾಸಾಹೇಬರು ಅದೇ ಲಂಡನ್ನಿನಲ್ಲಿ ತಮ್ಮ ಓದು ಮುಗಿಸಿದರು. ಅದಕ್ಕೂ ಮುಂಚೆ, 1917ರಲ್ಲಿ, ಅಮೆರಿಕದಲ್ಲಿ ಓದಿ ಬಂದು ಬರೋಡಾದ ಕಚೇರಿಯಲ್ಲಿ ಅಧಿಕಾರಿಯಾಗಿ ಕೂತಾಗ ಅವರ ಮೇಜಿಗೆ ಕಡತಗಳನ್ನು ದೂರದಿಂದ ಎಸೆದವರು ಯಾರು? ಧಣಿಗಳಲ್ಲ, ಜವಾನರು! ಬಾಡಿಗೆಗೆ ಹಿಡಿದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಅವರನ್ನು ಹೊರಹಾಕಿದರು. ಬುದ್ಧಿವಂತ ಆಳು, ದಡ್ಡ ಧಣಿ ಅನ್ನುವ ಎರಡೇ ಪಾತ್ರದ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿ ಆಳಿನ ಕೆಳಗೂ ಒಬ್ಬನಿದ್ದಾನೆ, ಆ ಆಳು ಅವನಿಗೆ ಸ್ಪೋಡ್.

ಕಸುಬನ್ನೇ ಬೈಗುಳ ಮಾಡಿದ ನಾಡು ನಮ್ಮದು. ಯಾರನ್ನಾದರೂ ಅವಮಾನ ಮಾಡಬೇಕು ಅಂದರೆ ನಮ್ಮ ಜನ ಏನನ್ನುತ್ತಾರೆ? ಕ್ಷೌರ ಮಾಡುವವನ ಹೆಸರು, ಬಟ್ಟೆ ಒಗೆಯುವವನ ಹೆಸರು, ಚರ್ಮ ಹದ ಮಾಡುವವನ ಹೆಸರು. ಕೊಲೆಗಾರ ಅನ್ನುವುದು ಬೈಗುಳವೇ ಅಲ್ಲ, ಕೆಲವು ಕಡೆ ಅದು ಬಿರುದು. ಮೆಟ್ಟು ಹೊಲಿದ ಕೈ ಕೀಳು, ಮೆಟ್ಟು ತೊಟ್ಟ ಕಾಲು ಮೇಲು. ಹೊಲಿದವನೇ ಅದನ್ನು ತೊಟ್ಟು ಊರೊಳಗೆ ನಡೆದರೆ ತಪ್ಪು, ತಲೆ ಮೇಲೆ ಹೊತ್ತು ನಡೆಯಬೇಕು. ಕಲ್ಯಾಣದ ಹರಳಯ್ಯನ ಕತೆ ನಿಮಗೆಲ್ಲ ಗೊತ್ತಿದೆ, ಅವನೂ ಹೊಲಿದವನೇ. ಟಾಟ್ಲಿ ಟವರ್ಸಿನ ನಗೆ ನಮ್ಮ ಹುಡುಗರಿಗೆ ಅಷ್ಟು ಸಲೀಸಾಗಿ ಹತ್ತಿದ್ದು ಇಂಗ್ಲಿಷ್ ಗೊತ್ತಿದ್ದರಿಂದಲ್ಲ. ಆ ನಗೆ ಅವರಿಗೆ ಊರಿನಲ್ಲೇ ಕಲಿಸಿದ್ದು.

ಮೋಸ್ಲಿ ಏನಾದ ಅಂತ ಕೇಳುವವರಿಗೆ: 1940ರ ಮೇ ತಿಂಗಳಲ್ಲಿ ಅವನನ್ನು ಹಿಡಿದು ಒಳಗೆ ಹಾಕಿದರು, 1943ರಲ್ಲಿ ಬಿಟ್ಟರು. 1941ರ ಕೊನೆಯಿಂದ ಹಾಲೊವೆ ಜೈಲಿನ ಆವರಣದಲ್ಲೇ ಒಂದು ಮನೆಯಲ್ಲಿ ಹೆಂಡತಿಯ ಜೊತೆ ಇರಲು ಬಿಟ್ಟಿದ್ದರು. ಮನೆಗೆಲಸಕ್ಕೆ ಅದೇ ಜೈಲಿನ ಖೈದಿಗಳು. ಜೈಲಿನಲ್ಲೂ ಧಣಿಗೆ ಆಳು!

ನಮ್ಮ ಮೇಷ್ಟ್ರು ಸುಮ್ಮನೆ ಕೂರುವವರಲ್ಲ. ಮರುವಾರ ತರಗತಿಯಲ್ಲಿ ಕೇಬಲ್ ಸ್ಟ್ರೀಟಿನ ಕತೆ ಹೇಳಿದರು. ಹುಡುಗರಿಗೆ ಗೋಲಿ ಚೆಲ್ಲಿದ್ದು ಬಹಳ ಹಿಡಿಸಿತು. ಮಹಡಿಯಿಂದ ಸುರಿದದ್ದು ಇನ್ನೂ ಹಿಡಿಸಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಎರಡೂ ಕತೆ ಸೇರಿಸಿ ಒಂದು ನಾಟಕ ಮಾಡೋಣ ಅಂದರು. ಮೊದಲು ಬಂಗಲೆ, ಆಮೇಲೆ ಬೀದಿ. ದರ್ಜಿಯ ಮಗ ಅಪ್ಪನ ಅಂಗಡಿಯಿಂದ ತುಂಡುಬಟ್ಟೆ ತಂದು ಕರಿ ಅಂಗಿಗಳನ್ನು ತಾನೇ ಹೊಲಿದುಕೊಡುತ್ತೇನೆ ಅಂದಿದ್ದಾನೆ. ಆದರೆ ಪಾತ್ರ ಹಂಚುವಾಗ ಪೇಚಾಟವಾಗಿದೆ. ಸ್ಪೋಡ್ ಆಗಲು ಹದಿನಾಲ್ಕು ಹುಡುಗರು ಕೈ ಎತ್ತಿದ್ದಾರೆ, ಹೊಡೆಯುವ ಪಾತ್ರ ಅಂತ. ಆಳಿನ ಪಾತ್ರಕ್ಕೆ ಒಬ್ಬನೂ ಕೈ ಎತ್ತಿಲ್ಲ. ಕೊನೆಗೆ ಹುಡುಗರೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಆ ಪಾತ್ರಕ್ಕೆ ಒಬ್ಬನನ್ನು ತೋರಿಸಿದ್ದಾರೆ. ಯಾವ ಕೇರಿಯ ಹುಡುಗನನ್ನು ತೋರಿಸಿದರು ಅಂತ ಮೇಷ್ಟ್ರು ಬರೆದಿಲ್ಲ, ಬರೆಯಬೇಕಾದ್ದೂ ಇಲ್ಲ. ಏನು ಮಾಡಲಿ ಅಂತ ನಮ್ಮನ್ನು ಕೇಳಿ ಕಾಗದ ಹಾಕಿದ್ದಾರೆ. ನಾವಿನ್ನೂ ಉತ್ತರ ಬರೆದಿಲ್ಲ.